ಶಾಕ್ ಹಿಡಿಯುವ ಮಾನಿಟರ್ ಅಂತ ಮಾರುತ್ತಾರೆ, ಅದು ಹಿಡಿಯುವುದು ಬೇರೆಯದನ್ನು

ನಮ್ಮ ಐಸಿಯುಗೆ ಕಂಪನಿಯವರು ಟ್ರಯಲ್‌ಗೆ ಅಂತ ಒಂದು ಮಾನಿಟರ್ ಬಿಟ್ಟು ಹೋಗಿದ್ದರು. ಇಸಿಜಿ, ಬಿಪಿ ತೋರಿಸುವ ಮಾಮೂಲಿ ಮಾನಿಟರ್ ಅಲ್ಲ. ರೋಗಿಯ ಮಣಿಕಟ್ಟಿನ ಅಪಧಮನಿಯೊಳಗೆ ಹಾಕಿರುವ ಸಣ್ಣ ಕೊಳವೆ, ಅಂದರೆ ಆರ್ಟೀರಿಯಲ್ ಲೈನ್‌ನಿಂದ ಬರುವ ನಾಡಿಯ ಅಲೆಯನ್ನು ಓದುತ್ತದೆ. ಹೃದಯ ಒಂದೊಂದು ಬಡಿತಕ್ಕೆ ಎಷ್ಟು ರಕ್ತ ಹೊರಗೆ ತಳ್ಳುತ್ತಿದೆ, ನಿಮಿಷಕ್ಕೆ ಒಟ್ಟು ಎಷ್ಟು ಲೀಟರ್ ಅಂತ ಲೆಕ್ಕ ಹಾಕಿ ತೋರಿಸುತ್ತದೆ. ಟ್ರಯಲ್ ಮುಗಿಯಿತು, ಈಗ ಕೊಳ್ಳಬೇಕೋ ಬೇಡವೋ ಅನ್ನುವ ಚರ್ಚೆ ನಡೆದಿದೆ. ಬೇರೆ ಕಡೆ ಇದೇ ಚರ್ಚೆಯಲ್ಲಿ ಇರುವವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ. ಮಾಡೆಲ್ ಹೆಸರು ಹಾಕಿಲ್ಲ. ಈ ಬಗೆಯ ಮಾನಿಟರ್‌ಗಳ ಕೆಲಸದ ರೀತಿ ಹೆಚ್ಚುಕಡಿಮೆ ಒಂದೇ, ನಾನು ಹೇಳುವುದರಲ್ಲಿ ಮುಕ್ಕಾಲು ಪಾಲು ಎಲ್ಲದಕ್ಕೂ ಹೊಂದುತ್ತದೆ.

ನಾನು ಐಸಿಯು ನರ್ಸ್. ಯಾವ ಔಷಧ, ಎಷ್ಟು ಅಂತ ಬರೆಯುವುದು ಡಾಕ್ಟರು. ಆದರೆ ಶಿಫ್ಟ್ ಪೂರ್ತಿ ಆ ಮಾನಿಟರ್ ಪಕ್ಕ ನಿಲ್ಲುವವರು ನಾವು. ಅದು ಕೂಗಿದಾಗ ಓಡುವವರೂ ನಾವೇ. ಹಾಗಾಗಿ ಇದು ಮಂಚದ ಪಕ್ಕದಿಂದ ಬರೆದ ವಿಮರ್ಶೆ.

ಮೊದಲೇ ಹೇಳಿಬಿಡುತ್ತೇನೆ: ಐದಕ್ಕೆ ಮೂರು. ಒಂದು ಕೆಲಸವನ್ನು ಇದು ತುಂಬಾ ಚೆನ್ನಾಗಿ ಮಾಡುತ್ತದೆ. ಆದರೆ ಬ್ರೋಷರ್‌ನ ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಹಾಕಿರುವ ಕೆಲಸ ಅದಲ್ಲ. ಅಲ್ಲಿ ಬರೆದಿರುವುದು ‘ಶಾಕ್ ಬೇಗ ಗುರುತಿಸಿ’ ಅಂತ (ಕರೆಂಟ್ ಶಾಕ್ ಅಲ್ಲ, ದೇಹದ ಅಂಗಗಳಿಗೆ ಸಾಕಷ್ಟು ರಕ್ತ ಮುಟ್ಟದೇ ಜೀವಕ್ಕೆ ಅಪಾಯವಾಗುವ ಸ್ಥಿತಿ). ಅದನ್ನು ಈ ಯಂತ್ರ ಮಾಡುವುದಿಲ್ಲ. ಮಾಡುವುದಕ್ಕೆ ಸಾಧ್ಯವೂ ಇಲ್ಲ.

ಯಾಕೆ ಅಂತೀರಾ? ಈ ಮಾನಿಟರ್ ಕೆಲಸ ಮಾಡಬೇಕಾದರೆ ಆರ್ಟೀರಿಯಲ್ ಲೈನ್ ಬೇಕು. ಆರ್ಟೀರಿಯಲ್ ಲೈನ್ ಹಾಕುವುದು ಯಾರಿಗೆ? ಬಹಳಷ್ಟು ಸಲ, ಶಾಕ್ ಇದೆ ಅಂತ ಯಾರಿಗೋ ಆಗಲೇ ಅನುಮಾನ ಬಂದಿರುವ ರೋಗಿಗೆ. ಅಂದರೆ ಗುರುತಿಸುವ ಕೆಲಸ ಮುಗಿದ ಮೇಲೆ ಇದರ ಪ್ರವೇಶ.

ಟ್ರಯಲ್ ಸಮಯದಲ್ಲೇ ಒಬ್ಬ ರೋಗಿ ಬಂದಿದ್ದರು. ಹೊಟ್ಟೆಯ ಆಪರೇಷನ್ ಆಗಿ ವಾರ್ಡಿಗೆ ಹೋಗುವ ಮೊದಲು ಒಂದು ರಾತ್ರಿ ನೋಡಿಕೊಳ್ಳಲು ಕಳಿಸಿದ್ದರು. ಬಿಪಿ 108/84. ಕಾಗದದ ಮೇಲೆ ನೋಡಿದರೆ ಏನೂ ತೊಂದರೆ ಇಲ್ಲ. ಆದರೆ ನಾಡಿ 118. ಮೇಲಿನ ಬಿಪಿಗೂ ಕೆಳಗಿನ ಬಿಪಿಗೂ ಅಂತರ ಬರೀ 24. ಕಾಲು ತಣ್ಣಗೆ. ನೋವಿಗೆ ಔಷಧ ಕೊಟ್ಟಾಗಿದೆ, ಆದರೂ ಒಂದು ಥರಾ ಚಡಪಡಿಕೆ. ನಾಡಿಯನ್ನು ಮೇಲಿನ ಬಿಪಿಯಿಂದ ಭಾಗಿಸಿದರೆ ಬರುವ ಸಂಖ್ಯೆಗೆ ಶಾಕ್ ಇಂಡೆಕ್ಸ್ ಅನ್ನುತ್ತಾರೆ. 1967ರಷ್ಟು ಹಳೆಯ ಲೆಕ್ಕ. ಆರೋಗ್ಯವಂತರಲ್ಲಿ 0.5ರಿಂದ 0.7ರ ಆಸುಪಾಸು ಇರುತ್ತದೆ. ಇವರದು 1 ದಾಟಿತ್ತು. ಜೊತೆಯ ಸಿಸ್ಟರ್ ಕೂಡಲೇ ಡಾಕ್ಟರಿಗೆ ಫೋನ್ ಮಾಡಿದರು. ಹೊಟ್ಟೆಯೊಳಗೆ ರಕ್ತ ಸೋರುತ್ತಿತ್ತು, ಮತ್ತೆ ಥಿಯೇಟರ್‌ಗೆ ಹೋದರು. ಇಷ್ಟೆಲ್ಲ ನಡೆಯುವಾಗ ಹೊಸ ಮಾನಿಟರ್ ಮೂಲೆಯಲ್ಲಿ ಸುಮ್ನೆ ಚಾರ್ಜ್ ಆಗುತ್ತಾ ನಿಂತಿತ್ತು. ಆ ರೋಗಿಗೆ ಆರ್ಟೀರಿಯಲ್ ಲೈನೇ ಇರಲಿಲ್ಲ.

ರಕ್ತ ಸೋರುವಾಗ ಬಿಪಿ ಕೊನೆಗೆ ಬೀಳುವ ಸಂಗತಿ. ದೇಹ ರಕ್ತನಾಳಗಳನ್ನು ಬಿಗಿ ಮಾಡುತ್ತದೆ, ಹೃದಯವನ್ನು ಓಡಿಸುತ್ತದೆ, ಚರ್ಮಕ್ಕೂ ಕಿಡ್ನಿಗೂ ಹೋಗುವ ರಕ್ತ ಕಡಿಮೆ ಮಾಡಿ ಬಿಪಿ ಹಿಡಿದಿಡುತ್ತದೆ. ಸುಮಾರು 30 ಶೇಕಡಾ ರಕ್ತ ಹೋಗುವವರೆಗೂ ಮಲಗಿರುವ ವಯಸ್ಕರ ಮೇಲಿನ ಬಿಪಿ ತಕ್ಕಮಟ್ಟಿಗೆ ನಿಂತಿರಬಹುದು. ನಾಡಿ ನಿಧಾನ ಮಾಡುವ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ನಾಡಿಯೂ ಏರುವುದಿಲ್ಲ, ಅದು ಇನ್ನೊಂದು ಮೋಸ. ಶಾಕ್ ಅಂದರೆ ಜೀವಕೋಶಗಳಿಗೆ ಬೇಕಾದಷ್ಟು ಆಮ್ಲಜನಕ ಮುಟ್ಟದೇ ಇರುವ ಸ್ಥಿತಿ. ಬಿಪಿ ಇಳಿಯುವುದು ಅದರ ಒಂದು ಲಕ್ಷಣ ಅಷ್ಟೇ, ಇರಲೇಬೇಕು ಅಂತಿಲ್ಲ.

ಹಾಗಾದರೆ ನೋಡಬೇಕಾದ್ದು ಎಲ್ಲಿ? ಚರ್ಮ, ಮೂತ್ರ, ಮನಸ್ಸು. ಈ ಮೂರೂ ಹೊರಗಿನಿಂದಲೇ ಕಾಣುತ್ತವೆ. ತಣ್ಣಗಿನ, ಬೆವರಿದ ಚರ್ಮ. ತೂಕದ ಒಂದೊಂದು ಕಿಲೋಗೆ ಗಂಟೆಗೆ ಅರ್ಧ ಎಂಎಲ್‌ಗಿಂತ ಕಡಿಮೆ ಮೂತ್ರ. ಸ್ವಲ್ಪ ಮುಂಚೆ ಸರಿಯಾಗಿ ಮಾತಾಡುತ್ತಿದ್ದವರು ಈಗ ಗೊಂದಲದಲ್ಲಿರುವುದು, ಅಥವಾ ಸುಮ್ಮನಾಗಿಬಿಡುವುದು. ಇದರ ಜೊತೆ ಲ್ಯಾಕ್ಟೇಟ್ (ಜೀವಕೋಶಗಳಿಗೆ ಆಮ್ಲಜನಕ ಸಾಲದಾದಾಗ ರಕ್ತದಲ್ಲಿ ಏರುವ ವಸ್ತು) 2 ದಾಟಿದ್ದರೆ ಯಾರೂ ಕುರ್ಚಿಯಲ್ಲಿ ಕೂರಬಾರದು.

ಇನ್ನೊಂದು, ಬೆರಳು ಒತ್ತಿ ನೋಡುವುದು. ಇದನ್ನು ನಾವೆಲ್ಲ ಟ್ರೇನಿಂಗ್‌ನಲ್ಲಿ ಕಲಿತು ಮರೆತಿರುತ್ತೇವೆ. ತೋರುಬೆರಳ ತುದಿಯನ್ನು ರಕ್ತ ಬಿಟ್ಟು ಬೆಳ್ಳಗಾಗುವಷ್ಟು ಒತ್ತಿ, 10 ಸೆಕೆಂಡ್ ಹಿಡಿದು, ಬಿಟ್ಟು, ಬಣ್ಣ ವಾಪಸ್ ಬರಲು ಎಷ್ಟು ಹೊತ್ತು ಅಂತ ಎಣಿಸಬೇಕು. 3 ಸೆಕೆಂಡ್ ದಾಟಿದರೆ ಸರಿಯಿಲ್ಲ. ಗಡಿಯಾರ ನೋಡಿ ಎಣಿಸಬೇಕು, ಅಂದಾಜಿಗೆ ಅಲ್ಲ. ಕೋಣೆ ತಣ್ಣಗಿದ್ದರೆ, ಉಗುರಿಗೆ ಬಣ್ಣ ಇದ್ದರೆ, ಚರ್ಮ ಕಪ್ಪಾಗಿದ್ದರೆ ಓದುವುದು ಕಷ್ಟ, ಅದೂ ನಿಜ. ಆದರೆ 2019ರಲ್ಲಿ ಬಂದ ಆಂಡ್ರೊಮಿಡಾ ಶಾಕ್ ಅನ್ನುವ ಅಧ್ಯಯನ ಇದನ್ನು ಗಂಭೀರವಾಗಿ ತೆಗೆದುಕೊಂಡಿತು. ದಕ್ಷಿಣ ಅಮೆರಿಕದ 5 ದೇಶಗಳ 28 ಆಸ್ಪತ್ರೆಗಳು, ಸೆಪ್ಟಿಕ್ ಶಾಕ್ (ಸೋಂಕಿನಿಂದ ಬರುವ ಶಾಕ್) ಆದ 424 ರೋಗಿಗಳು. ಅರ್ಧ ಜನರಿಗೆ ಲ್ಯಾಕ್ಟೇಟ್ ನೋಡಿಕೊಂಡು ಚಿಕಿತ್ಸೆ, ಇನ್ನರ್ಧ ಜನರಿಗೆ ಅರ್ಧ ಗಂಟೆಗೊಮ್ಮೆ ಬೆರಳು ಒತ್ತಿ ನೋಡಿಕೊಂಡು ಚಿಕಿತ್ಸೆ. 28 ದಿನದೊಳಗೆ ತೀರಿಕೊಂಡವರು ಲ್ಯಾಕ್ಟೇಟ್ ಗುಂಪಿನಲ್ಲಿ 43.4 ಶೇಕಡಾ, ಬೆರಳಿನ ಗುಂಪಿನಲ್ಲಿ 34.9 ಶೇಕಡಾ. ಲೆಕ್ಕದ ಪ್ರಕಾರ ಈ ವ್ಯತ್ಯಾಸ ಖಚಿತ ಅನ್ನುವ ಗೆರೆಯನ್ನು ಕೂದಲೆಳೆಯಷ್ಟರಲ್ಲಿ ತಪ್ಪಿಸಿಕೊಂಡಿತು. ಹಾಗಾಗಿ ಬೆರಳೇ ಮೇಲು ಅಂತ ಹೇಳಲಾಗದು. ಆದರೆ ಲ್ಯಾಬಿನ ಯಂತ್ರಕ್ಕಿಂತ ಅದು ಹಿಂದೆ ಬಿದ್ದಿಲ್ಲ ಅನ್ನುವುದೇ ನನಗೆ ದೊಡ್ಡ ಸಂಗತಿ. 2021ರ ಸೆಪ್ಸಿಸ್ (ಸೋಂಕು ಮಿತಿಮೀರಿ ಅಂಗಗಳು ಸೋಲುವ ಸ್ಥಿತಿ) ಮಾರ್ಗಸೂಚಿಯಲ್ಲೂ ಬೆರಳು ಒತ್ತಿ ನೋಡುವುದಕ್ಕೆ ಜಾಗ ಸಿಕ್ಕಿತು.

ಈಗ ಯಂತ್ರಕ್ಕೆ ಬರೋಣ.

ಜೋಡಿಸುವುದು ಕಷ್ಟವಲ್ಲ. ಲೈನಿನ ಒತ್ತಡ ಅಳೆಯುವ ಮಾಮೂಲಿ ಟ್ರಾನ್ಸ್‌ಡ್ಯೂಸರ್ ತೆಗೆದು ಇವರದೇ ಸೆನ್ಸರ್ ಹಾಕಬೇಕು, ಎರಡು ಕೇಬಲ್, ಮುಗಿಯಿತು. ಆಮೇಲೆ ಸ್ಕ್ರೀನ್ ನಾಲ್ಕು ವಿಷಯ ಕೇಳುತ್ತದೆ: ವಯಸ್ಸು, ಗಂಡು ಅಥವಾ ಹೆಣ್ಣು, ಎತ್ತರ, ತೂಕ. ಇದನ್ನು ಫಾರ್ಮ್ ತುಂಬಿಸುವ ಹಾಗೆ ತುಂಬಿಸಬೇಡಿ. ರಕ್ತನಾಳ ಎಷ್ಟು ಹಿಗ್ಗುತ್ತದೆ ಅಂತ ಯಂತ್ರ ಅಳೆಯುವುದಿಲ್ಲ, ಈ ನಾಲ್ಕು ಉತ್ತರದಿಂದ ಊಹಿಸುತ್ತದೆ. ಎಮರ್ಜೆನ್ಸಿಯಲ್ಲಿ ಬಂದ ರೋಗಿಯ ತೂಕ ಯಾರಿಗೂ ಗೊತ್ತಿರುವುದಿಲ್ಲ, 70 ಅಂತ ಹಾಕಿಬಿಡುತ್ತಾರೆ. ಆಮೇಲೆ ಸ್ಕ್ರೀನ್ ಮೇಲೆ ದಶಮಾಂಶದವರೆಗೆ ಬರುವ ಸಂಖ್ಯೆ ನೋಡಿ ಎಲ್ಲರೂ ತಲೆಯಾಡಿಸುತ್ತಾರೆ. ನಮ್ಮಲ್ಲಿ ತೂಕ ತೋರಿಸುವ ಮಂಚ ಇದೆ, ಎತ್ತರಕ್ಕೆ ಟೇಪ್ ಹಿಡಿದೆವು. ಹೊಸದಾಗಿ ಬಂದ ಹುಡುಗಿಯರಿಗೆ ನಗು. ಆದರೂ ಮಾಡಿದೆವು.

ಸೆನ್ಸರ್‌ನ ಎತ್ತರ ಇನ್ನೂ ಮುಖ್ಯ. ಅದು ಹೃದಯದ ಮಟ್ಟದಲ್ಲಿ ಇರಬೇಕು. ಎದೆಯ ನಾಲ್ಕನೇ ಪಕ್ಕೆಲುಬಿನ ಸಂದಿ, ಪಕ್ಕೆಯ ನಡುಗೆರೆ, ಅಲ್ಲಿ. 10 ಸೆಂಟಿಮೀಟರ್ ಕೆಳಗೆ ಜಾರಿದರೆ ಬಿಪಿ ಸುಮಾರು 7.5 ಪಾಯಿಂಟ್ ಜಾಸ್ತಿ ತೋರಿಸುತ್ತದೆ. ರೋಗಿಯ ನಿಜವಾದ ಸರಾಸರಿ ಬಿಪಿ 58 ಇದ್ದರೆ ಸ್ಕ್ರೀನ್ ಮೇಲೆ 65 ದಾಟುತ್ತದೆ, ಎಲ್ಲರಿಗೂ ನೆಮ್ಮದಿ. ಮಂಚದ ತಲೆ ಎತ್ತಿದಾಗ, ಇಳಿಸಿದಾಗ, ರೋಗಿಯನ್ನು ಮಗ್ಗುಲು ಹೊರಳಿಸಿದಾಗ ಮತ್ತೆ ಮಟ್ಟ ನೋಡಬೇಕು. ಈ ಕಂಪನಿಯವರು ಸೆನ್ಸರನ್ನು ಸ್ಟ್ಯಾಂಡ್‌ಗೆ ಸಿಕ್ಕಿಸುವ ಕ್ಲಿಪ್ ಕೊಟ್ಟಿದ್ದಾರೆ. ಮಂಚ ಮೇಲೆ ಹೋಗುತ್ತದೆ, ಸ್ಟ್ಯಾಂಡ್ ಅಲ್ಲೇ ಇರುತ್ತದೆ. ನಾವು ಎರಡನೇ ದಿನವೇ ಕ್ಲಿಪ್ ಬಿಟ್ಟು ರೋಗಿಯ ತೋಳಿಗೇ ಕಟ್ಟಲು ಶುರು ಮಾಡಿದೆವು.

ಮೂರನೆಯದು ಅಲೆಯ ಆಕಾರ. ಈ ಯಂತ್ರಕ್ಕೆ ಅಲೆಯೇ ಆಹಾರ. ಕೊಳವೆಯಲ್ಲಿ ಒಂದು ಗಾಳಿಗುಳ್ಳೆ, ತುದಿಯಲ್ಲಿ ಸ್ವಲ್ಪ ಹೆಪ್ಪುಗಟ್ಟಿದ ರಕ್ತ, ಮಣಿಕಟ್ಟು ಮಡಚಿದ್ದು, ಲೈನಿಗೆ ಸಲೈನ್ ತಳ್ಳುವ ಪ್ರೆಷರ್ ಬ್ಯಾಗ್ 300ಕ್ಕಿಂತ ಕೆಳಗೆ ಇಳಿದಿರುವುದು, ಯಾವುದಾದರೂ ಒಂದು ಸಾಕು, ಅಲೆ ಮೊಂಡಾಗುತ್ತದೆ. ಮೊಂಡಾದ ಅಲೆಯಲ್ಲಿ ಮೇಲಿನ ಬಿಪಿ ಕಡಿಮೆ, ಕೆಳಗಿನದು ಜಾಸ್ತಿ ಕಾಣುತ್ತದೆ. ಸರಾಸರಿ ಹೆಚ್ಚುಕಡಿಮೆ ಸರಿಯಾಗೇ ಇರುತ್ತದೆ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ಸ್ಟ್ರೋಕ್ ವಾಲ್ಯೂಮ್, ಅಂದರೆ ಒಂದು ಬಡಿತಕ್ಕೆ ಹೊರಬರುವ ರಕ್ತದ ಲೆಕ್ಕ, ಪೂರ್ತಿ ಹಳ್ಳ ಹಿಡಿಯುತ್ತದೆ. ಲೈನನ್ನು ಸಲೈನಿನಿಂದ ತೊಳೆಯುವ ಫ್ಲಶ್ ಎಳೆದು ಬಿಟ್ಟಾಗ ಸ್ಕ್ರೀನ್ ಮೇಲಿನ ಗೆರೆ ಚೌಕವಾಗಿ ಮೇಲೆ ಹೋಗಿ, ಬಿದ್ದು, ಒಂದೆರಡು ಸಲ ಕುಣಿದು ನಿಲ್ಲಬೇಕು. ಕುಣಿಯದೇ ಜಾರಿಕೊಂಡು ಬಂದರೆ ಮೊಂಡು ಅಂತ ಅರ್ಥ. ಇಷ್ಟು ದುಬಾರಿ ಯಂತ್ರ ಇದನ್ನು ತಾನಾಗಿ ಪತ್ತೆಹಚ್ಚಿ ಹೇಳಬೇಕಲ್ವಾ? ಹೇಳುವುದಿಲ್ಲ. ಅಲೆ ಪೂರ್ತಿ ಮಲಗಿದಾಗ ಮಾತ್ರ ಕೂಗುತ್ತದೆ. ಅರ್ಧ ಮೊಂಡಾಗಿದ್ದರೆ ಧೈರ್ಯವಾಗಿ ಸುಳ್ಳು ಸಂಖ್ಯೆ ತೋರಿಸುತ್ತಾ ಕೂರುತ್ತದೆ. ನಾನು ಒಂದು ಅಂಕ ಕಳೆದಿರುವುದು ಇದಕ್ಕೇ.

ಇಷ್ಟು ಬೈದ ಮೇಲೆ ಹೊಗಳಬೇಕಾದ್ದನ್ನು ಹೊಗಳುತ್ತೇನೆ.

ಶಾಕ್ ಇದೆ ಅಂತ ಗೊತ್ತಾಗಿದೆ. ಮೊದಲ ಸುತ್ತಿನ ಸಲೈನ್ ಹೋಗಿದೆ. ಸೆಪ್ಸಿಸ್ ಆದರೆ ಮೊದಲ 3 ಗಂಟೆಯಲ್ಲಿ ಕಿಲೋಗೆ 30 ಎಂಎಲ್ ಅಂತ ಮಾರ್ಗಸೂಚಿ ಸಲಹೆ ಕೊಡುತ್ತದೆ, ಅದು ಮುಗಿದಿದೆ. ಬಿಪಿ ಇನ್ನೂ ನಿಂತಿಲ್ಲ, ರಕ್ತನಾಳ ಬಿಗಿ ಮಾಡಿ ಬಿಪಿ ಏರಿಸುವ ನಾರ್‌ಅಡ್ರಿನಲಿನ್ ಓಡುತ್ತಿದೆ. ಈಗ ಇನ್ನೊಂದು ಬಾಟಲ್ ಕೊಡಬೇಕೋ ಬೇಡವೋ? ಐಸಿಯುನಲ್ಲಿ ಅತಿ ಹೆಚ್ಚು ವಾದ ನಡೆಯುವುದು ಈ ಪ್ರಶ್ನೆಗೆ. ಬೇಕಾದವರಿಗೆ ಕೊಡದಿದ್ದರೆ ಕಿಡ್ನಿ ಹೋಗುತ್ತದೆ. ಬೇಡದವರಿಗೆ ಕೊಟ್ಟರೆ ನೀರು ಶ್ವಾಸಕೋಶ ಸೇರುತ್ತದೆ, ಮುಖ ಊದುತ್ತದೆ, ವೆಂಟಿಲೇಟರ್‌ನಿಂದ ಬಿಡಿಸುವುದು ತಡವಾಗುತ್ತದೆ. ಕೊಟ್ಟ ಸಲೈನನ್ನು ವಾಪಸ್ ತೆಗೆಯುವುದಂತೂ ಸುಲಭವಲ್ಲ.

ಇದಕ್ಕೆ ಒಂದು ಉಪಾಯ ಇದೆ, ಕಾಲೆತ್ತುವ ಪರೀಕ್ಷೆ. ಕಾಲಿನಲ್ಲಿ ನಿಂತಿರುವ ಸುಮಾರು 300 ಎಂಎಲ್ ರಕ್ತವನ್ನು ಎದೆಯ ಕಡೆ ಹರಿಸಿ ನೋಡುವುದು. ಹೃದಯ ಅದನ್ನು ತೆಗೆದುಕೊಂಡು ಜಾಸ್ತಿ ಪಂಪ್ ಮಾಡಿದರೆ ಸಲೈನಿಗೂ ಹಾಗೇ ಮಾಡುತ್ತದೆ. ಮಾಡದಿದ್ದರೆ ಕಾಲು ಇಳಿಸಿದರಾಯಿತು, ಒಂದು ಹನಿಯೂ ಕೊಟ್ಟಿರುವುದಿಲ್ಲ. ನನಗಂತೂ ಐಸಿಯುನಲ್ಲಿ ಇದಕ್ಕಿಂತ ಚಂದದ ಪರೀಕ್ಷೆ ಇನ್ನೊಂದಿಲ್ಲ.

ಆದರೆ ಮಾಡುವ ರೀತಿ ಸರಿಯಿರಬೇಕು. ಮೊದಲು ರೋಗಿ 45 ಡಿಗ್ರಿ ಒರಗಿ ಕೂತ ಹಾಗಿರಬೇಕು. ಆಮೇಲೆ ಮಂಚದ ಬಟನ್ ಒತ್ತಿ ಬೆನ್ನನ್ನು ಮಟ್ಟ ಮಾಡಿ, ಕಾಲಿನ ಭಾಗ 45 ಡಿಗ್ರಿ ಮೇಲೆ. ಕೈಯಿಂದ ಕಾಲು ಹಿಡಿದು ಎತ್ತಬಾರದು. ನೋವಾಗುತ್ತದೆ, ಗಾಬರಿಯಾಗುತ್ತದೆ, ನಾಡಿ ಏರುತ್ತದೆ, ಆಗ ಬಂದ ಉತ್ತರಕ್ಕೆ ಬೆಲೆಯಿಲ್ಲ. ಮುಖ್ಯವಾದ ಮಾತು ಇದು: ನೋಡಬೇಕಾದ್ದು ಬಿಪಿಯನ್ನಲ್ಲ, ಹೃದಯ ಪಂಪ್ ಮಾಡುವ ಪ್ರಮಾಣವನ್ನು. ಅದು ಏರುವುದು ಒಂದು ನಿಮಿಷದೊಳಗೆ, ಆಮೇಲೆ ಇಳಿಯಲೂ ಶುರುವಾಗಬಹುದು. 10 ಶೇಕಡಾ ಏರಿದರೆ ರೋಗಿ ಸಲೈನಿಗೆ ಸ್ಪಂದಿಸುತ್ತಾರೆ ಅಂತ.

ಇಲ್ಲಿ ಈ ಮಾನಿಟರ್ ರಾಜ. ಸಂಖ್ಯೆ 20 ಸೆಕೆಂಡಿಗೊಮ್ಮೆ ಬದಲಾಗುತ್ತದೆ, ಕಣ್ಣೆದುರೇ ಗೆರೆ ಮೇಲೆ ಹೋಗುವುದು ಕಾಣುತ್ತದೆ. ಒಂದು ಬಟನ್ ಒತ್ತಿದರೆ ‘ಈಗ ಶುರು’ ಅಂತ ಗುರುತು ಹಾಕಿಕೊಂಡು, ಮೊದಲಿಗಿಂತ ಎಷ್ಟು ಶೇಕಡಾ ವ್ಯತ್ಯಾಸ ಅಂತ ದೊಡ್ಡ ಅಕ್ಷರದಲ್ಲಿ ತೋರಿಸುತ್ತದೆ. ಹೊಟ್ಟೆಯ ಸೋಂಕಿನಿಂದ ಶಾಕ್ ಆಗಿದ್ದ ಒಬ್ಬರಿಗೆ ಸಂಜೆ ಮಾಡಿದಾಗ 14 ಶೇಕಡಾ ಏರಿತು. ಡಾಕ್ಟರು 250 ಎಂಎಲ್ ಬರೆದರು, ಕೊಟ್ಟೆವು, ಬೆರಳಿನ ಬಣ್ಣ ಬೇಗ ಬರಲು ಶುರುವಾಯಿತು. ರಾತ್ರಿ ಮತ್ತೆ ಬಿಪಿ ಜಾರಿತು. ಮತ್ತೆ ಕಾಲೆತ್ತಿದೆವು, ಈ ಸಲ 3 ಶೇಕಡಾ. ಸಲೈನ್ ಇಲ್ಲ, ನಾರ್‌ಅಡ್ರಿನಲಿನ್ ಏರಿಸಿ ಅಂದರು. ವಾದವಿಲ್ಲ, ಊಹೆಯಿಲ್ಲ. ಮಾನಿಟರ್ ಇಲ್ಲದ ದಿನಗಳಲ್ಲಿ ಆ ರಾತ್ರಿ ಆ ರೋಗಿಗೆ ಇನ್ನೊಂದು ಲೀಟರ್ ಹೋಗುತ್ತಿತ್ತು ಅಂತ ನನ್ನ ಅನಿಸಿಕೆ.

ಸ್ಪಂದಿಸುತ್ತಾರೆ ಅಂದ ಮಾತ್ರಕ್ಕೆ ಕೊಡಲೇಬೇಕು ಅಂತಲ್ಲ, ಇದನ್ನೂ ಹೇಳಬೇಕು. ಈಗ ನನ್ನನ್ನೇ ಮಲಗಿಸಿ ಕಾಲೆತ್ತಿದರೆ ನನ್ನ ಸಂಖ್ಯೆಯೂ ಏರಬಹುದು. ನನಗೆ ಸಲೈನ್ ಬೇಕಾ? ಬೆರಳು ಬೆಚ್ಚಗಿದ್ದು, ಮೂತ್ರ ಬರುತ್ತಿದ್ದು, ಲ್ಯಾಕ್ಟೇಟ್ ಇಳಿಯುತ್ತಿದ್ದರೆ 15 ಶೇಕಡಾ ಏರಿದರೂ ಸುಮ್ಮನಿರಬಹುದು. ಟ್ರೇನಿಂಗ್ ಕೊಡಲು ಬಂದಿದ್ದ ಕಂಪನಿಯ ಹುಡುಗ ಇದನ್ನು ಒಂದು ಸಲವೂ ಹೇಳಲಿಲ್ಲ. ‘ಹಸಿರು ಬಂದರೆ ಫ್ಲೂಯಿಡ್ ಕೊಡಿ ಸಿಸ್ಟರ್’ ಅಂದ. ಅಷ್ಟೇ ಅವನ ಪಾಠ.

ಆ ಹಸಿರು, ಹಳದಿ, ಕೆಂಪು ಬಣ್ಣಗಳ ಬಗ್ಗೆ ನನ್ನ ತಕರಾರು ದೊಡ್ಡದು. ಸ್ಕ್ರೀನ್ ಮೇಲೆ ಸ್ಟ್ರೋಕ್ ವಾಲ್ಯೂಮ್ ವೇರಿಯೇಷನ್ ಅಂತ ಒಂದು ಸಂಖ್ಯೆ ಬರುತ್ತದೆ. ವೆಂಟಿಲೇಟರ್‌ನ ಒಂದೊಂದು ಉಸಿರಿಗೆ ಹೃದಯದ ಪಂಪ್ ಎಷ್ಟು ಏರಿಳಿಯುತ್ತದೆ ಅನ್ನುವ ಲೆಕ್ಕ. ಸುಮಾರು 13 ಶೇಕಡಾ ದಾಟಿದರೆ ಸಲೈನಿಗೆ ಸ್ಪಂದಿಸಬಹುದು ಅಂತ ಬಾಣದ ಗುರುತು ತೋರಿಸುತ್ತದೆ. ಕಾಲೆತ್ತುವ ಕೆಲಸವೂ ಇಲ್ಲ, ಸುಮ್ನೆ ನೋಡಿದರೆ ಸಾಕು. ಕೇಳಲು ಎಷ್ಟು ಚೆನ್ನಾಗಿದೆ ಅಲ್ವಾ? ಆದರೆ ಈ ಸಂಖ್ಯೆ ನಂಬಬೇಕಾದರೆ ರೋಗಿ ಸ್ವಂತ ಉಸಿರು ಒಂದೂ ತೆಗೆಯಬಾರದು. ಹೃದಯದ ಲಯ ನೆಟ್ಟಗಿರಬೇಕು. ವೆಂಟಿಲೇಟರ್ ಕೊಡುವ ಉಸಿರು ಕಿಲೋಗೆ 8 ಎಂಎಲ್ ಆದರೂ ಇರಬೇಕು. ನಮ್ಮ ಐಸಿಯುನಲ್ಲಿ ಶ್ವಾಸಕೋಶ ಕೆಟ್ಟವರಿಗೆ ಕೊಡುವುದೇ 6 ಎಂಎಲ್. ಅರ್ಧ ಜನ ಸ್ವಂತ ಉಸಿರು ಎಳೆಯುತ್ತಿರುತ್ತಾರೆ. ಉಳಿದವರಲ್ಲಿ ಒಬ್ಬಿಬ್ಬರಿಗೆ ಏಟ್ರಿಯಲ್ ಫಿಬ್ರಿಲೇಷನ್, ಅಂದರೆ ಹೃದಯದ ಲಯ ತಪ್ಪಿರುತ್ತದೆ. ಒಂದು ಮಧ್ಯಾಹ್ನ ರೌಂಡ್ಸ್‌ನಲ್ಲಿ ಲೆಕ್ಕ ಹಾಕಿದರೆ ಈ ಎಲ್ಲ ಷರತ್ತಿಗೂ ಹೊಂದುವ ರೋಗಿ ಇಡೀ ಐಸಿಯುನಲ್ಲಿ ಒಬ್ಬರೂ ಇರಲಿಲ್ಲ. ಯಂತ್ರ ಮಾತ್ರ ಎಲ್ಲರಿಗೂ ಬಾಣ ತೋರಿಸುತ್ತಿತ್ತು.

ಇನ್ನೂ ಅಪಾಯದ್ದು ಬಲಭಾಗದ ಹೃದಯ ಸೋತಿರುವ ರೋಗಿ. ಅಂಥ ಒಬ್ಬರು ಬಂದಿದ್ದರು. ಮೂಳೆ ಮುರಿದು ವಾರಗಟ್ಟಲೆ ಮಲಗಿದ್ದವರು, ಹಠಾತ್ತನೆ ಉಸಿರು ಕಟ್ಟಿ ಬಿಪಿ ಬಿದ್ದಿತ್ತು. ವೆಂಟಿಲೇಟರ್ ಹಾಕಿ ಮಾನಿಟರ್ ಜೋಡಿಸಿದಾಗ ಆ ಸಂಖ್ಯೆ 18, ಬಾಣ ಮೇಲಕ್ಕೆ. ಕುತ್ತಿಗೆಯ ನರ ಮಾತ್ರ ಉಬ್ಬಿ ನಿಂತಿತ್ತು. ರಕ್ತ ಕಡಿಮೆಯಾದವರ ಕುತ್ತಿಗೆಯ ನರ ಉಬ್ಬುವುದಿಲ್ಲ. ಡಾಕ್ಟರು ಎಕೋ (ಹೃದಯದ ಅಲ್ಟ್ರಾಸೌಂಡ್) ಇಟ್ಟು ನೋಡಿದರು. ಬಲಭಾಗ ಊದಿಕೊಂಡು ಎಡಭಾಗವನ್ನು ಅಮುಕುತ್ತಿತ್ತು. ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡಿತ್ತು. ಅಲ್ಲಿ ಸಲೈನ್ ಸುರಿದರೆ ಬಲಭಾಗ ಇನ್ನೂ ಊದುತ್ತದೆ, ರೋಗಿ ಕೈತಪ್ಪುತ್ತಾರೆ. ಅವರಿಗೆ ಬೇಕಿದ್ದದ್ದು ಹೆಪ್ಪು ಕರಗಿಸುವ ಔಷಧ.

ಶಾಕ್ ನಾಲ್ಕು ಬಗೆ ಅಂತ ಎಲ್ಲ ಪುಸ್ತಕದಲ್ಲೂ ಇದೆ. ರಕ್ತವೋ ನೀರೋ ಕಡಿಮೆಯಾದದ್ದು, ಹೃದಯದ ಸ್ನಾಯುವೇ ಸೋತದ್ದು, ದಾರಿಯಲ್ಲಿ ಅಡ್ಡ ಬಂದದ್ದು, ರಕ್ತನಾಳಗಳು ಸಡಿಲವಾದದ್ದು. ಮಾನಿಟರ್ ಇವನ್ನು ಅರ್ಧ ಮಾತ್ರ ಬಿಡಿಸುತ್ತದೆ. ಪಂಪ್ ಜಾಸ್ತಿ ಇದ್ದು ಬಿಪಿ ಕಡಿಮೆ ಅಂದರೆ ರಕ್ತನಾಳ ಸಡಿಲ ಅಂತ ಹೇಳುತ್ತದೆ, ಸರಿ. ಪಂಪ್ ಕಡಿಮೆ ಅಂದಾಗ ರಕ್ತ ಕಡಿಮೆಯೋ, ಹೃದಯ ಸೋತಿದೆಯೋ, ಎದೆಯಲ್ಲಿ ಗಾಳಿ ತುಂಬಿದೆಯೋ, ಹೃದಯದ ಸುತ್ತ ನೀರು ನಿಂತಿದೆಯೋ, ಒಂದನ್ನೂ ಹೇಳುವುದಿಲ್ಲ. ಅದಕ್ಕೆ ಎಕೋ ಬೇಕು. ಎಕೋ ಯಂತ್ರವೇ ಇಲ್ಲದ ಐಸಿಯುನವರು ಇದನ್ನು ಕೊಳ್ಳಲು ಹೊರಟಿದ್ದರೆ, ದಯವಿಟ್ಟು ಆ ದುಡ್ಡನ್ನು ಮೊದಲು ಎಕೋಗೆ ಹಾಕಿ.

ಸೆಪ್ಸಿಸ್‌ನಲ್ಲಿ ಇನ್ನೊಂದು ಮೋಸ ನೋಡಿದೆವು. ಒಬ್ಬರಿಗೆ ಕಾರ್ಡಿಯಾಕ್ ಇಂಡೆಕ್ಸ್ (ನಿಮಿಷದ ಪಂಪನ್ನು ದೇಹದ ಗಾತ್ರಕ್ಕೆ ಹೊಂದಿಸಿದ ಲೆಕ್ಕ) 3.9. ಹಸಿರು. 2.5ರಿಂದ 4 ಸಾಮಾನ್ಯ ಅಂತ ಯಂತ್ರ ಬಲ್ಲದು. ಆದರೆ ಹೊದಿಕೆ ಸರಿಸಿದರೆ ಎರಡೂ ಮಂಡಿಯ ಮೇಲೆ ನೇರಳೆ ಬಣ್ಣದ ಬಲೆ, ಬೆರಳಿಗೆ ಬಣ್ಣ ಬರಲು 6 ಸೆಕೆಂಡ್, ಲ್ಯಾಕ್ಟೇಟ್ 5 ದಾಟಿದೆ. ಒಟ್ಟು ಹರಿವು ಸಾಕಷ್ಟಿದೆ, ಆದರೆ ಸಣ್ಣ ಸಣ್ಣ ರಕ್ತನಾಳಗಳೊಳಗೆ ಅದು ಹೋಗುತ್ತಿಲ್ಲ. ಊರಿನ ಟ್ಯಾಂಕ್ ತುಂಬಿದ್ದರೂ ಬೀದಿಯ ನಲ್ಲಿಯಲ್ಲಿ ನೀರಿಲ್ಲದ ಹಾಗೆ. ಮಂಡಿಯ ಆ ಬಣ್ಣ ಹಾಸ್ಯದ ವಿಷಯವಲ್ಲ, ಅದು ಎಷ್ಟು ದೂರ ಹರಡಿದೆ ಅಂತ 0ರಿಂದ 5ರವರೆಗೆ ಅಂಕ ಕೊಡುವ ಪದ್ಧತಿಯೇ ಇದೆ. ಅಂಕ ಏರಿದಷ್ಟೂ ಉಳಿಯುವ ಸಾಧ್ಯತೆ ಕಡಿಮೆ. ಹೊದಿಕೆ ಸರಿಸದೇ ಸ್ಕ್ರೀನ್ ಮಾತ್ರ ನೋಡಿ ಹ್ಯಾಂಡೋವರ್ ಕೊಡುವ ಅಭ್ಯಾಸ ಶುರುವಾದರೆ ಈ ಯಂತ್ರ ಬಂದದ್ದು ನಷ್ಟವೇ.

ನಾರ್‌ಅಡ್ರಿನಲಿನ್ ಡೋಸ್ ಬೇಗಬೇಗ ಬದಲಾಗುವ ಹೊತ್ತಿನಲ್ಲೂ ಇದನ್ನು ಪೂರ್ತಿ ನಂಬಬೇಡಿ. ಔಷಧದಿಂದ ರಕ್ತನಾಳ ಬಿಗಿಯಾದಾಗ ಅಲೆಯ ಆಕಾರವೇ ಬದಲಾಗುತ್ತದೆ. ಅದನ್ನು ಯಂತ್ರ ಹೃದಯದ ಕೆಲಸ ಅಂತ ಓದಿಬಿಡಬಹುದು. ಅಸಲಿ ಸಂಖ್ಯೆ ಸರಿಯಿದೆಯೇ ಅನ್ನುವುದಕ್ಕಿಂತ, ಒಂದೆರಡು ನಿಮಿಷದೊಳಗಿನ ಏರಿಳಿತ ನೋಡುವುದಕ್ಕೆ ಇದು ಒಳ್ಳೆಯದು. ಕಾಲೆತ್ತುವ ಪರೀಕ್ಷೆಯಲ್ಲಿ ಇದು ಗೆಲ್ಲುವುದೂ ಅದಕ್ಕೇ.

ಹೃದಯದ ಹರಿವು ಅಳೆಯುವ ಆಸೆ ಹೊಸದಲ್ಲ. ಸ್ವಾನ್ ಮತ್ತು ಗಾಂಜ್ ಅನ್ನುವ ಇಬ್ಬರು ಡಾಕ್ಟರು 1970ರಲ್ಲಿ ತುದಿಯಲ್ಲಿ ಬಲೂನ್ ಇರುವ ಕ್ಯಾತಿಟರ್ (ರಕ್ತನಾಳದೊಳಗೆ ಹಾಕುವ ತೆಳು ಕೊಳವೆ) ತಂದರು. ಸಮುದ್ರದಲ್ಲಿ ಹಾಯಿ ದೋಣಿ ಗಾಳಿಗೆ ಸಾಗುವುದನ್ನು ನೋಡಿ ಸ್ವಾನ್ ಅವರಿಗೆ ಹೊಳೆದದ್ದಂತೆ. ರಕ್ತದ ಹರಿವೇ ಬಲೂನನ್ನು ಹೃದಯದೊಳಗೆ ಕೊಂಡೊಯ್ಯುತ್ತದೆ. ಎಷ್ಟೋ ವರ್ಷ ಐಸಿಯುಗಳಲ್ಲಿ ಅದರದೇ ಕಾರುಬಾರು. ಆಮೇಲೆ 2005ರಲ್ಲಿ ಬ್ರಿಟನ್ನಿನ ದೊಡ್ಡ ಅಧ್ಯಯನ ಬಂತು. ಕ್ಯಾತಿಟರ್ ಹಾಕಿದವರಿಗೂ ಹಾಕದವರಿಗೂ ಬದುಕುಳಿಯುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಳತೆ ತಪ್ಪು ಅಂತಲ್ಲ. ಅಳತೆಯೊಂದೇ ಯಾರನ್ನೂ ಉಳಿಸುವುದಿಲ್ಲ, ಅದನ್ನು ನೋಡಿ ಏನು ಮಾಡಿದಿರಿ ಅನ್ನುವುದು ಬೇಕು. ಕಂಪನಿಯವರು ತೋರಿಸುವ ಸ್ಲೈಡ್‌ಗಳಲ್ಲಿ ಈ ಕತೆ ಇರುವುದಿಲ್ಲ, ಅದಕ್ಕೇ ಇಲ್ಲಿ ಬರೆದೆ.

ಚಿಕಿತ್ಸೆಯ ಉಳಿದ ಭಾಗಕ್ಕೆ ಈ ಮಾನಿಟರ್‌ನಿಂದ ಹೆಚ್ಚೇನೂ ಸಹಾಯವಿಲ್ಲ. ಸರಾಸರಿ ಬಿಪಿ 65 ಅನ್ನುವ ಗುರಿ ಹಳೆಯ ಮಾನಿಟರ್‌ನಲ್ಲೇ ಕಾಣುತ್ತದೆ. 2014ರಲ್ಲಿ ಫ್ರಾನ್ಸಿನವರು 65–70 ಮತ್ತು 80–85 ಎರಡನ್ನೂ ಹೋಲಿಸಿ ನೋಡಿದರು. ಜಾಸ್ತಿ ಇಟ್ಟರೆ ಜಾಸ್ತಿ ಜನ ಬದುಕಲಿಲ್ಲ, ಹೃದಯದ ಲಯ ತಪ್ಪುವುದು ಹೆಚ್ಚಾಯಿತು. ಮುಂಚಿನಿಂದ ಬಿಪಿ ಕಾಯಿಲೆ ಇದ್ದವರಿಗೆ ಮಾತ್ರ ಡಯಾಲಿಸಿಸ್ ಬೇಕಾಗುವುದು ಕಡಿಮೆಯಾಯಿತು. ಸೆಪ್ಸಿಸ್ ಶಾಕ್‌ನಲ್ಲಿ ಮೊದಲ ಔಷಧ ನಾರ್‌ಅಡ್ರಿನಲಿನ್ ಅನ್ನುವುದೂ ತೀರ್ಮಾನವಾಗಿರುವ ಸಂಗತಿ. 2010ರ ಅಧ್ಯಯನದಲ್ಲಿ ಬಿಪಿ ಏರಿಸುವ ಇನ್ನೊಂದು ಔಷಧ ಡೋಪಮಿನ್ ತೆಗೆದುಕೊಂಡವರಲ್ಲಿ ಲಯ ತಪ್ಪಿದ್ದು 24 ಶೇಕಡಾ, ನಾರ್‌ಅಡ್ರಿನಲಿನ್‌ನಲ್ಲಿ 12. ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಹಾಕುವ ಕೊಳವೆ) ಆಗಲಿ ಅಂತ ಕಾಯದೇ, ಒಳ್ಳೆಯ ಕೈನರದಲ್ಲಿ ಶುರು ಮಾಡಿ ಅಂತ ಈಗಿನ ಮಾರ್ಗಸೂಚಿಯೇ ಹೇಳುತ್ತದೆ. ಆ ನರದ ಜಾಗ ಊದಿಕೊಂಡಿತಾ ಅಂತ ನೋಡುತ್ತಾ ಇರಬೇಕು, ಅದು ನಮ್ಮ ಕೆಲಸ. ಒಂದು ಗಂಟೆಯೊಳಗೆ ಆಂಟಿಬಯೋಟಿಕ್, ಕೀವಿದ್ದರೆ ತೆಗೆಸುವುದು, ರಕ್ತ ಸೋರಿದರೆ ನಿಲ್ಲಿಸುವುದು. ಇದನ್ನೆಲ್ಲ ಬಿಟ್ಟು ಸ್ಕ್ರೀನ್ ಸೆಟ್ ಮಾಡುತ್ತಾ ಕೂತರೆ ಏನು ಪ್ರಯೋಜನ? ಟ್ರಯಲ್‌ನ ಮೊದಲ ದಿನಗಳಲ್ಲಿ ನಮ್ಮಲ್ಲಿ ಹಾಗೇ ಆಗುತ್ತಿತ್ತು. ಆಮೇಲೆ ಇನ್‌ಚಾರ್ಜ್ ಸಿಸ್ಟರ್ ಒಂದು ನಿಯಮ ಮಾಡಿದರು: ಆಂಟಿಬಯೋಟಿಕ್ ಹೋಗುವವರೆಗೂ ಈ ಮಾನಿಟರ್ ಮುಟ್ಟುವ ಹಾಗಿಲ್ಲ.

ಸಣ್ಣಪುಟ್ಟ ಸಂಗತಿಗಳು. ಸ್ಕ್ರೀನ್ ಗ್ಲವ್ಸ್ ಹಾಕಿಕೊಂಡೇ ಮುಟ್ಟಬಹುದು, ಒದ್ದೆ ಗ್ಲವ್ಸ್‌ಗೂ ಕೇಳುತ್ತದೆ. ದೂರದಿಂದಲೂ ಅಕ್ಷರ ಓದಬಹುದು. ಅಲಾರಂ ಧ್ವನಿ ನಮ್ಮ ಸಿರಿಂಜ್ ಪಂಪಿನ ಧ್ವನಿಯ ಹಾಗೇ ಇದೆ, ಯಾವುದು ಕೂಗಿತು ಅಂತ ತಿರುಗಿ ತಿರುಗಿ ನೋಡಬೇಕು. ಬ್ಯಾಟರಿ ಸಿಟಿ ಸ್ಕ್ಯಾನ್‌ಗೆ ಹೋಗಿ ಬರುವಷ್ಟು ಬರುತ್ತದೆ, ಲಿಫ್ಟ್ ತಡವಾದರೆ ಎದೆ ಢವಢವ. ಸೆನ್ಸರ್ ಒಂದು ರೋಗಿಗೆ ಒಂದೇ, ಮತ್ತೆ ಬಳಸುವ ಹಾಗಿಲ್ಲ. ಕೊಳ್ಳುವವರು ಯಂತ್ರದ ಬೆಲೆ ಚೌಕಾಸಿ ಮಾಡಿ ಸೆನ್ಸರ್ ಬೆಲೆ ಕೇಳುವುದನ್ನು ಮರೆಯುತ್ತಾರೆ. ಖರ್ಚು ಇರುವುದೇ ಅಲ್ಲಿ.

ಇದಿಲ್ಲದೇ ಕಾಲೆತ್ತುವ ಪರೀಕ್ಷೆ ಮಾಡಲಾಗದಾ? ಮಾಡಬಹುದು. ಎಕೋ ಹಿಡಿಯಲು ಬರುವ ಡಾಕ್ಟರ್ ಹತ್ತಿರ ಇದ್ದರೆ ಅದೇ ಒಳ್ಳೆಯದು. ವೆಂಟಿಲೇಟರ್ ಮೇಲೆ ಸ್ವಂತ ಉಸಿರಿಲ್ಲದೆ ಮಲಗಿರುವ ರೋಗಿಯಾದರೆ ಹೊರಬರುವ ಉಸಿರಿನ ಕಾರ್ಬನ್ ಡೈಆಕ್ಸೈಡ್ ನೋಡಬಹುದು. ವೆಂಟಿಲೇಟರ್ ಸೆಟ್ಟಿಂಗ್ ಏನೂ ಬದಲಿಸದೇ ಕಾಲೆತ್ತಿದಾಗ ಅದು 5 ಶೇಕಡಾ ಏರಿದರೆ ಹೃದಯದ ಹರಿವೂ ಏರಿದೆ ಅಂತ. ಆ ಮಾಪಕ ಬಹಳಷ್ಟು ಐಸಿಯುಗಳಲ್ಲಿ ಆಗಲೇ ಇದೆ. ಆದರೆ ರಾತ್ರಿ ಎಕೋ ಮಾಡುವವರು ಇಲ್ಲದ, ಸ್ವಂತ ಉಸಿರಿರುವ ರೋಗಿಗಳೇ ಜಾಸ್ತಿ ಇರುವ ಐಸಿಯುಗೆ ಈ ಮಾನಿಟರ್ ನಿಜವಾಗಿಯೂ ಬೇಕು. ಪ್ರತಿ ಮಂಚಕ್ಕೂ ಅಲ್ಲ. ಒಂದು ಸಾಕು, ತಳ್ಳಿಕೊಂಡು ಹೋಗಬಹುದು.

ಟ್ರಯಲ್ ಮುಗಿದ ಮೇಲೆ ಕಂಪನಿಯವರು ಅಭಿಪ್ರಾಯದ ಫಾರ್ಮ್ ಕೊಟ್ಟಿದ್ದರು. ‘ಸುಧಾರಣೆಗೆ ಸಲಹೆ’ ಅನ್ನುವ ಜಾಗದಲ್ಲಿ ಎರಡು ಬರೆದೆ. ಅಲೆ ಮೊಂಡಾದಾಗ ಸಂಖ್ಯೆ ತೋರಿಸುವುದನ್ನು ನಿಲ್ಲಿಸಿ. ಮತ್ತೆ, ಸ್ಕ್ರೀನ್‌ನ ಒಂದು ಮೂಲೆಯಲ್ಲಿ ಬೆರಳಿನ ಸೆಕೆಂಡ್, ಗಂಟೆಯ ಮೂತ್ರ, ಲ್ಯಾಕ್ಟೇಟ್ ನಾವೇ ತುಂಬಿಸುವ ಜಾಗ ಕೊಡಿ, ಅದು ಖಾಲಿ ಇದ್ದರೆ ಬಾಣ ತೋರಿಸಬೇಡಿ. ಕಂಪನಿಯ ಹುಡುಗ ಓದಿ, ‘ಇದನ್ನು ಮೇಲಿನವರಿಗೆ ಕಳಿಸುತ್ತೇನೆ ಸಿಸ್ಟರ್’ ಅಂದ. ಹೊಸ ಸಾಫ್ಟ್‌ವೇರ್ ಬಂದರೆ ನಾಲ್ಕನೇ ಸ್ಟಾರ್ ಕೊಡಲು ನನಗೇನೂ ಅಭ್ಯಂತರವಿಲ್ಲ.